ಡಬ್ಬಿಗೆ ಒಂದು, ಮಣ್ಣಿಗೆ ಹತ್ತು

ನಮ್ಮ ಜಗುಲಿಯ ಕಿಟಕಿಯಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ಅಮ್ಮನ ಕಾಲದ್ದು. ಒಳಗೆ ಗುಲಗಂಜಿ, ಮಂಜೊಟ್ಟಿ, ಗಜ್ಜುಗ, ಹಾವಿನ ಪೊರೆಯ ಚೂರು, ಒಂದೆರಡು ಗರಿ, ಹೊಳೆಯ ನುಣುಪು ಕಲ್ಲು. ಬೆಟ್ಟಕ್ಕೆ ಸೊಪ್ಪಿಗೆ ಹೋದವಳು ಬರುವಾಗ ಸೆರಗಿನ ತುದಿಗೆ ಏನಾದರೊಂದು ಗಂಟು ಹಾಕಿಕೊಂಡೇ ಬರುತ್ತಿದ್ದಳು. 'ಕಸ ಎಂತಕ್ಕೆ?' ಅಂತ ನಾವು ಕೇಳಿದರೆ, 'ಇರ್ಲಿ ಬಿಡಾ ತಮಾ, ಅದೆಂತ ಅನ್ನ ಕೇಳ್ತಾ?' ಎನ್ನುವಳು.

ಆ ಕಸದಲ್ಲೇ ನಾವು ಬೆಳೆದವರು. ಗಜ್ಜುಗವನ್ನು ಕಲ್ಲಿಗೆ ತಿಕ್ಕಿ ಬಿಸಿ ಮಾಡಿ ಪಕ್ಕದವನ ತೊಡೆಗೆ ಒತ್ತಿ ಮಾಸ್ತರರಿಂದ ಪೆಟ್ಟು ತಿಂದಿದ್ದೇವೆ. ಅಕ್ಕಸಾಲಿ ಬಂಗಾರವನ್ನು ಗುಲಗಂಜಿಯಿಂದ ತೂಗುವುದನ್ನು, ತೊಂಬತ್ತಾರು ಗುಲಗಂಜಿಗೆ ಒಂದು ತೊಲ ಎಂಬ ಲೆಕ್ಕವನ್ನು ಕಲಿತದ್ದು ಶಾಲೆಯಲ್ಲಲ್ಲ, ಆ ಡಬ್ಬಿಯಿಂದ.

ಹೀಗೆ ಹೆಕ್ಕುವ ಚಟ ನನಗೂ ಹತ್ತಿತು. ಅದರ ಬಗ್ಗೆ ಒಂದು ಒಳ್ಳೆಯ ಮಾತು, ಒಂದು ತಪ್ಪೊಪ್ಪಿಗೆ ಹೇಳಲಿಕ್ಕಿದೆ.

ತಡವಾದ ಮೂರು ಬೀಜ

ತಪ್ಪೊಪ್ಪಿಗೆ ಮೊದಲು. ನಮ್ಮ ಸೊಪ್ಪಿನ ಬೆಟ್ಟದಲ್ಲಿ ಒಂದು ದೊಡ್ಡ ರಾಮಪತ್ರೆ ಮರವಿತ್ತು. ಪ್ರತಿ ಬೇಸಿಗೆಯಲ್ಲಿ ಬುಡದಲ್ಲಿ ಕಾಯಿ ಒಡೆದು ಬಿದ್ದಿರುತ್ತಿತ್ತು. ಪತ್ರೆ ಬಿಡಿಸಿ ಒಣಗಿಸಿ ಮಾರುತ್ತಿದ್ದೆವು. ಬೀಜ ಅಲ್ಲೇ ಬಿಟ್ಟು ಬರುತ್ತಿದ್ದೆವು. ಚಂದ ಕಂಡದ್ದಕ್ಕೆ ಒಂದು ಸಲ ಮೂರು ಬೀಜ ತಂದು ಡಬ್ಬಿಗೆ ಹಾಕಿದ್ದೆ.

2019ರ ಆಗಸ್ಟ್ ಮಳೆ ನೆನಪಿದೆಯಲ್ಲ? ಆ ಮಳೆಗೆ ಮರ ಬುಡಸಮೇತ ಮಗುಚಿತು. ಸುತ್ತ ಹುಡುಕಿದೆ, ಒಂದು ಸಸಿಯೂ ಇಲ್ಲ. ಪ್ರತಿ ವರ್ಷ ನಾವೇ ದರಕು ಗುಡಿಸಿ ತರುತ್ತೇವೆ, ದನ ಮೇಯಿಸುತ್ತೇವೆ. ಸಸಿ ಎಲ್ಲಿ ಉಳಿಯಬೇಕು? ಆಗ ಡಬ್ಬಿ ನೆನಪಾಯಿತು. ಮೂರೂ ಬೀಜ ಬಿತ್ತಿದೆ. ಒಂದೂ ಏಳಲಿಲ್ಲ.

ಏಳುವುದೂ ಇಲ್ಲ. ರಾಮಪತ್ರೆ, ಹಲಸು, ಮಾವು, ನೇರಳೆ, ಮುರುಗಲು ಇವುಗಳ ಬೀಜ ಒಣಗಿದರೆ ಸತ್ತ ಹಾಗೆ. ಗುಲಗಂಜಿ, ಮಂಜೊಟ್ಟಿ, ಗಜ್ಜುಗದ ಮಾತು ಬೇರೆ. ಅವುಗಳ ಸಿಪ್ಪೆ ಕಲ್ಲಿನಂಥದ್ದು, ವರ್ಷಗಟ್ಟಲೆ ಕಾಯುತ್ತವೆ. ಸ್ವಲ್ಪ ಉಜ್ಜಿ ಸಿಪ್ಪೆ ಸವೆಸಿ ನೆನೆಸಿದರೆ ಮೊಳೆಯುತ್ತವೆ.

ಬೆಟ್ಟದಲ್ಲಿ ಇನ್ನೂ ಎರಡು ರಾಮಪತ್ರೆ ಇವೆ. ಎರಡೂ ಗಂಡು. ಹೂ ಬಿಡುತ್ತವೆ, ಉದುರುತ್ತವೆ, ಅಷ್ಟೇ. ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ನೆಂಟರ ತೋಟದಿಂದ ಎಂಟು ಸಸಿ ತಂದು ನೆಟ್ಟೆ, ಐದು ಉಳಿದಿವೆ. ಹೆಣ್ಣು ಯಾವುದು ಅಂತ ತಿಳಿಯಲು ಹೂ ಬರುವ ತನಕ ಕಾಯಬೇಕು. ನನ್ನ ವಯಸ್ಸು ಅಷ್ಟು ಕಾಯುತ್ತದೋ ಇಲ್ಲವೋ!

ಹೊಟ್ಟೆ ತುಂಬುತ್ತದಾ?

'ಗೊರಟು ಹೆಕ್ಕಿದ್ರೆ ಸೊಸೈಟಿ ಸಾಲ ತೀರ್ತದಾ?' ಎಂದು ಪಕ್ಕದ ಮನೆಯವರು ನಗುತ್ತಾರೆ. ಸಾಲ ತೀರುವುದಿಲ್ಲ. ಆದರೆ ಒಂದು ಖರ್ಚು ತಪ್ಪಿದ್ದು ಹೇಳುತ್ತೇನೆ.

ಕೊಟ್ಟಿಗೆ ಅಟ್ಟದ ಕೆಳಗೆ ಒಮ್ಮೆ ಬೆರಳು ಗಾತ್ರದ ಬೂದು ಉಂಡೆಗಳು ಸಿಕ್ಕಿದವು. ಹಿಕ್ಕೆ ಇರಬೇಕೆಂದುಕೊಂಡೆ. ನೀರಲ್ಲಿ ನೆನೆಸಿ ಬಿಡಿಸಿದರೆ ಒಳಗೆಲ್ಲ ಕೂದಲು, ಎಲುಬು, ಎರಡು ಇಲಿಯ ತಲೆಬುರುಡೆ, ಹಳದಿ ಹಲ್ಲಿನ ಸಮೇತ! ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಜೀರ್ಣವಾಗದ್ದನ್ನು ಉಂಡೆ ಮಾಡಿ ಬಾಯಿಯಿಂದ ಉಗುಳುತ್ತದೆ. ಅಪಶಕುನ ಅಂತ ನಾವು ಓಡಿಸುತ್ತಿದ್ದ ಹಕ್ಕಿ ರಾತ್ರಿಯಿಡೀ ನಮ್ಮ ಕೆಲಸ ಮಾಡುತ್ತಿತ್ತು. ಅಂದಿನಿಂದ ಇಲಿಗೆ ಬ್ರೊಮೊಡಿಯೊಲೊನ್ ಬಿಲ್ಲೆ ಇಡುವುದನ್ನು ಬಿಟ್ಟೆ. ವಿಷ ತಿಂದ ಇಲಿಯನ್ನು ಗೂಬೆ ತಿಂದರೆ ಗೂಬೆಗೂ ಅದೇ ಗತಿ. ಈಗ ಬೋನು ಸಾಕಾಗುತ್ತದೆ. ಆ ಎರಡು ಬುರುಡೆ ಡಬ್ಬಿಯಲ್ಲಿವೆ. ಯಾರಾದರೂ ಗೂಬೆಗೆ ಕಲ್ಲು ತೆಗೆದುಕೊಂಡರೆ ತೋರಿಸುತ್ತೇನೆ.

ಮಂಗಟ್ಟೆ ಹಕ್ಕಿ ಗೂಡು ಮಾಡಿದ ಮರದ ಬುಡವನ್ನೂ ನೋಡಿ. ಹೆಣ್ಣು ಪೊಟರೆಯೊಳಗೆ ಬಾಗಿಲು ಮುಚ್ಚಿಕೊಂಡು ಕೂತರೆ ಗಂಡು ಹಣ್ಣು ತಂದು ತಿನ್ನಿಸುತ್ತದೆ. ಬುಡದಲ್ಲಿ ನಾನಾ ಮರಗಳ ಬೀಜ ಬಿದ್ದಿರುತ್ತವೆ. ಕಾಸು ಖರ್ಚಿಲ್ಲದ ನರ್ಸರಿ!

ಹೆಕ್ಕುವ ಮೊದಲು

ಗುಲಗಂಜಿ ಚಂದ ನಿಜ, ಆದರೆ ಒಳಗೆ ಕಡು ವಿಷ. ಇಡಿಯಾಗಿ ನುಂಗಿದ್ದು ಹೆಚ್ಚಾಗಿ ಹಾಗೆಯೇ ಹೊರಗೆ ಹೋಗುತ್ತದೆ. ಅಗಿದರೆ, ತೂತು ಮಾಡಿದ್ದನ್ನು ನುಂಗಿದರೆ ಅಪಾಯ. ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಬಾಯಿಗೆ ಹಾಕಿಕೊಂಡದ್ದು ಗೊತ್ತಾದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಹಕ್ಕಿ ಬಿಟ್ಟುಹೋಗದ ಗೂಡು, ಮೊಟ್ಟೆ ಮುಟ್ಟಬೇಡಿ. ಕಾಡಿನಲ್ಲಿ ಜಿಂಕೆ, ಕಡವೆಯ ಕೊಂಬು ಬಿದ್ದದ್ದು ಕಂಡರೂ ಮನೆಗೆ ತರಬೇಡಿ. 1972ರ ವನ್ಯಜೀವಿ ಕಾಯ್ದೆ 'ಹೆಕ್ಕಿದ್ದು ಸ್ವಾಮಿ' ಅಂದರೆ ಬಿಡುವುದಿಲ್ಲ. 2023ರಲ್ಲಿ ಹುಲಿ ಉಗುರಿನ ಪದಕ ಹಾಕಿಕೊಂಡವರ ಪಾಡು ಟಿವಿಯಲ್ಲಿ ನೋಡಿದ್ದೀರಿ.

ನನ್ನ ಅನಿಸಿಕೆ

ತೋಟಗಾರನ ಮನೆಯಲ್ಲಿ ಇಂಥ ಡಬ್ಬಿ ಇರಲೇಬೇಕು. ಆದರೆ ಸುಮ್ಮನೆ ತುಂಬಿಟ್ಟರೆ ಅದು ಕಸವೇ. ಪ್ರತಿಯೊಂದರ ಜೊತೆ ಒಂದು ಚೀಟಿ ಇರಲಿ. ಯಾವ ದಿನ, ಯಾವ ಮರದ ಬುಡ, ಯಾರು ಹೆಕ್ಕಿದ್ದು. ಅಮ್ಮನ ಡಬ್ಬಿಯಲ್ಲಿ ನಾಲ್ಕು ಬೀಜದ ಗುರುತು ಇವತ್ತಿಗೂ ಸಿಕ್ಕಿಲ್ಲ. ಅವಳಿಗೆ ಗೊತ್ತಿತ್ತು, ನಾವು ಕೇಳಲಿಲ್ಲ. ಚೀಟಿ ಇದ್ದರೆ ನಾಲ್ಕೈದು ವರ್ಷದಲ್ಲಿ ಅದೇ ನಿಮ್ಮ ಬೆಟ್ಟದ ಲೆಕ್ಕಪುಸ್ತಕ. ಯಾವ ಮರ ಯಾವಾಗ ಕಾಯಿ ಬಿಡುತ್ತದೆ, ಯಾವುದು ಬಿಡುವುದು ನಿಲ್ಲಿಸಿತು, ಎಲ್ಲ ತಿಳಿಯುತ್ತದೆ.

ಇನ್ನೊಂದು ನಿಯಮ ನಮ್ಮ ಮನೆಯಲ್ಲಿ ಈಗ ಕಡ್ಡಾಯ. ಡಬ್ಬಿಗೆ ಒಂದು ಬೀಜ ಹಾಕಿದರೆ ಹತ್ತು ಬೀಜ ಅದೇ ದಿನ ಮಣ್ಣಿಗೆ. ಹಾಲಿನ ಖಾಲಿ ಪ್ಯಾಕೆಟ್ ಸಾಕು, ಪಾಲಿಥೀನ್ ಚೀಲ ಕೊಳ್ಳುವುದು ಬೇಡ.

ಬರುವ ಬೇಸಿಗೆಯಲ್ಲಿ ನಿಮ್ಮ ಬೆಟ್ಟಕ್ಕೆ ಒಂದು ಸುತ್ತು ಹೋಗಿ ಬನ್ನಿ. ಒಂದೇ ಒಂದು ಉಳಿದ ಮರ ಯಾವುದು ಅಂತ ನೋಡಿ. ಮೊದಲು ಅದರ ಬುಡದಲ್ಲಿ ಹೆಕ್ಕಿ.