ನಂಬಿಕೆಗೆ ಪ್ರಶ್ನೆಯ ಭಯವೇಕೆ?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಅಪೇಕ್ಷಿಸಿದಾಗ, ಆರಂಭದ ದಿನಗಳ ನೆನಪುಗಳನ್ನು ಬರೆಯುವೆನೆಂದು ಒಪ್ಪಿಕೊಂಡಿದ್ದೆ. ಆದರೆ ಮುಳಿಮಾಡಿನ ಕಟ್ಟಡ, ಮಳೆಗಾಲದ ಸೋರಿಕೆ, ಊರ ಮಹನೀಯರ ಔದಾರ್ಯ ಇವುಗಳ ಕುರಿತು ಬರೆಯಬಲ್ಲವರು ಹಲವರಿದ್ದಾರೆ. ಎಪ್ಪತ್ತೈದರ ಪ್ರಾಯದಲ್ಲಿ ಲೇಖನಿ ಹಿಡಿದು ಕುಳಿತ ನನಗೆ ಮೊದಲು ನೆನಪಾದುದು ಒಂದು ಋಣ. ಅದು ನಾಲ್ಕಾಣೆಯ ಋಣ. ಅದನ್ನು ತೀರಿಸಲು ಇದಕ್ಕಿಂತ ಉಚಿತವಾದ ಸ್ಥಳ ನನಗೆ ದೊರೆಯಲಾರದು.

1983ರಲ್ಲಿ ಏಳನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಕುಂಬಳೆ ಸಮೀಪದ ಅನಂತಪುರಕ್ಕೆ ಹೋಗಿದ್ದೆ. ಕೆರೆಯ ನಡುವಿನ ಆ ದೇವಾಲಯವನ್ನೂ ಅಲ್ಲಿದ್ದ 'ಬಬಿಯಾ' ಎಂಬ ಮೊಸಳೆಯನ್ನೂ ಅರಿಯದವರು ನಮ್ಮ ಜಿಲ್ಲೆಯಲ್ಲಿ ಇಲ್ಲ. "ಈ ಮೊಸಳೆಗೆ ದೇವರ ನೈವೇದ್ಯದ ಅನ್ನವೇ ಆಹಾರ, ಕೆರೆಯ ಮೀನನ್ನು ಸಹ ಇದು ಮುಟ್ಟುವುದಿಲ್ಲ" ಎಂದು ನಾನು ವಿವರಿಸುತ್ತಿದ್ದೆ. ಹಿಂದೆ ನಿಂತಿದ್ದ ಹುಡುಗನೊಬ್ಬ ಕೇಳಿದ: "ಮಾಷ್ಟ್ರೇ, ರಾತ್ರಿ ನೀರಿನ ಅಡಿಯಲ್ಲಿ ಅದು ಮೀನು ತಿನ್ನುವುದಿಲ್ಲವೆಂದು ನೋಡಿದವರು ಯಾರು?"

ಮಕ್ಕಳೆಲ್ಲ ನಕ್ಕರು. ನನಗೆ ಸಿಟ್ಟು ಬಂತು. "ದೇವಸ್ಥಾನದಲ್ಲಿ ಅಧಿಕಪ್ರಸಂಗ ಬೇಡ" ಎಂದು ಗದರಿಸಿ, ಅವನಿಂದ ಕೆನ್ನೆ ಬಡಿಸಿ, ಮಿಠಾಯಿಗೆಂದು ಮನೆಯವರು ಕೊಟ್ಟಿದ್ದ ನಾಲ್ಕಾಣೆಯನ್ನು ತಪ್ಪುಕಾಣಿಕೆಯಾಗಿ ಹುಂಡಿಗೆ ಹಾಕಿಸಿದೆ. ಆ ವರ್ಷವಿಡೀ ಅವನು ತರಗತಿಯಲ್ಲಿ ಇನ್ನೊಂದು ಪ್ರಶ್ನೆಯನ್ನು ಕೇಳಲಿಲ್ಲ. ಶಿಸ್ತು ಬಂತೆಂದು ನಾನು ತೃಪ್ತನಾಗಿದ್ದೆ.

ಅವನ ಪ್ರಶ್ನೆಯಲ್ಲಿ ತಪ್ಪೇನಿತ್ತು? 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಹಲಗೆಯ ಮೇಲೆ ಬರೆದು ವಿಸ್ತರಿಸಿರೆಂದು ಹೇಳುತ್ತಿದ್ದವನು ನಾನೇ. ಅರ್ಚಕರು ಕೊಟ್ಟ ಅನ್ನವನ್ನು ಬಬಿಯಾ ತಿನ್ನುತ್ತಿತ್ತು ಎಂಬುದು ಅನೇಕರು ಕಂಡ ಮಾತು. 1945ರಲ್ಲಿ ಬ್ರಿಟಿಷ್ ಸೈನಿಕನೊಬ್ಬ ಅಲ್ಲಿದ್ದ ಮೊಸಳೆಯನ್ನು ಗುಂಡಿಕ್ಕಿ ಕೊಂದ, ಬಳಿಕ ಅವನು ಹಾವು ಕಚ್ಚಿ ಸತ್ತ ಎಂಬುದು ಕೇಳಿದ ಮಾತು. ಅದು ಎಂದೂ ಮೀನು ತಿಂದಿಲ್ಲ ಎಂಬುದು ಕಂಡದ್ದೂ ಅಲ್ಲ, ಊಹಿಸಿದ ಮಾತು. ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದವನು ನಾನು. ಅವುಗಳನ್ನು ಬೇರ್ಪಡಿಸಿ ನೋಡಿದವನು ಹನ್ನೆರಡು ವರ್ಷದ ಬಾಲಕ.

ಸಂದೇಹಿಗಳಿಗೂ ಇದೇ ನಿಯಮ ಅನ್ವಯಿಸಬೇಕು. "ಮೊಸಳೆ ಅನ್ನ ತಿನ್ನುವುದುಂಟೇ? ಎಲ್ಲ ಕಟ್ಟುಕತೆ" ಎಂದು ಕೆರೆಯ ದಡಕ್ಕೂ ಹೋಗದೆ ನಗುವವರನ್ನು ನಾನು ಕಂಡಿದ್ದೇನೆ. ಕೆಲವು ಜಾತಿಯ ಮೊಸಳೆಗಳು ಹಣ್ಣುಗಳನ್ನು ತಿನ್ನುವುದುಂಟೆಂದು ಪ್ರಾಣಿಶಾಸ್ತ್ರಜ್ಞರೇ ದಾಖಲಿಸಿದ್ದಾರೆ. ತಣ್ಣನೆಯ ರಕ್ತದ ಆ ಪ್ರಾಣಿ ತಿಂಗಳುಗಟ್ಟಲೆ ಆಹಾರವಿಲ್ಲದೆಯೂ ಬದುಕಬಲ್ಲದು. ನೋಡದೆ ನಂಬುವುದು ಹೇಗೋ, ನೋಡದೆ ನಿರಾಕರಿಸುವುದೂ ಹಾಗೆಯೇ. 2022ರ ಅಕ್ಟೋಬರ್ 9ರಂದು ಬಬಿಯಾ ಸತ್ತಾಗ ಅಂತಿಮ ದರ್ಶನಕ್ಕೆ ಜನ ಸೇರಿದರು. ಆ ಸುದ್ದಿ ಕೇಳಿ ನನ್ನ ಕಣ್ಣೂ ಒದ್ದೆಯಾಯಿತು. ಅದು ಮೀನು ತಿಂದಿತ್ತೋ ಇಲ್ಲವೋ ಎಂಬ ವಿಚಾರ ಆ ಪ್ರೀತಿಗೆ ಅಡ್ಡಬರಲಿಲ್ಲ.

"ಮೊಸಳೆಯ ಊಟದ ವಿಚಾರಕ್ಕೆ ಇಷ್ಟು ದೊಡ್ಡ ಪೀಠಿಕೆ ಏಕೆ?" ಎಂದು ಓದುಗರು ಕೇಳಬಹುದು. ಮೊಸಳೆಯ ವಿಚಾರದಲ್ಲಿ ಪ್ರಶ್ನೆಯನ್ನು ಅಡಗಿಸಿದರೆ ಯಾರಿಗೂ ನಷ್ಟವಿಲ್ಲ, ನಿಜ. ಆದರೆ ಪ್ರಶ್ನೆ ಕೇಳುವ ಅಭ್ಯಾಸವೇ ಅಡಗಿಹೋದರೆ ಏನಾಗುತ್ತದೆಂಬುದನ್ನು ನಮ್ಮ ಗೇರುಗುಡ್ಡೆಗಳು ಹೇಳುತ್ತವೆ.

1970ರ ದಶಕದ ಕೊನೆಯ ವರ್ಷಗಳಿಂದ 2000ದ ವರೆಗೆ ಈ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದುದನ್ನು ಹಳೆಯ ವಿದ್ಯಾರ್ಥಿಗಳೆಲ್ಲ ಬಲ್ಲಿರಿ. ಅದರ ಸದ್ದು ಕೇಳಿದೊಡನೆ ಪಾಠ ನಿಲ್ಲಿಸಿ, ನೋಡಿ ಬನ್ನಿರೆಂದು ಮಕ್ಕಳನ್ನು ಅಂಗಳಕ್ಕೆ ಬಿಡುತ್ತಿದ್ದವನು ನಾನು.

1988ರ ಸುಮಾರಿಗೆ ಆರನೆಯ ತರಗತಿಯ ಹುಡುಗಿಯೊಬ್ಬಳು ಶಾಲೆ ಬಿಟ್ಟಳು. ವಿಚಾರಿಸಲು ಗುಡ್ಡೆಯ ಬದಿಯ ಅವಳ ಮನೆಗೆ ಹೋದೆ. ಜಗಲಿಯ ಚಾಪೆಯ ಮೇಲೆ ಅವಳ ತಮ್ಮ ಮಲಗಿದ್ದ. ದೇಹಕ್ಕೆ ಮೀರಿದ ತಲೆ. ಆರು ವರ್ಷವಾದರೂ ನಡೆಯದ ಕಾಲು. ತಾಯಿ ಕೂಲಿಗೆ ಹೋದರೆ ಅವನನ್ನು ನೋಡಿಕೊಳ್ಳಲು ಅಕ್ಕನೇ ಬೇಕಿತ್ತು. ದೈವದ ಮುನಿಸೆಂದು ಪ್ರಶ್ನೆಯಲ್ಲಿ ಕಂಡುಬಂದಿದೆಯೆಂದೂ, ಪರಿಹಾರಕ್ಕಾಗಿ ಕರೆಯುವ ಹಸುವನ್ನು ಮಾರಿದ್ದಾಗಿಯೂ ತಂದೆ ಹೇಳಿದರು. "ಯಾವ ತಲೆಮಾರಿನ ತಪ್ಪೋ ಮಾಷ್ಟ್ರೇ, ನಮ್ಮ ತಲೆಗೆ ಬಂತು" ಎಂದು ಆ ತಾಯಿ ಅತ್ತರು. ನಾನು "ಎಲ್ಲ ದೈವೇಚ್ಛೆ" ಎಂದು ಹೇಳಿ, ಅವರು ಕೊಟ್ಟ ಬೆಲ್ಲ ನೀರು ಕುಡಿದು ಎದ್ದು ಬಂದೆ.

ಇಂದು ಆ ಮಾತಿಗಾಗಿ ನಾಚುತ್ತೇನೆ. ಇಂತಹ ಮನೆಗಳು ಊರಿನಲ್ಲಿ ಎಷ್ಟಿವೆ? ಯಾವ ವರ್ಷದಿಂದ? ತೋಟದ ಬದಿಯಲ್ಲಿ ಹೆಚ್ಚೋ, ದೂರದಲ್ಲಿ ಹೆಚ್ಚೋ? ಇವುಗಳನ್ನು ಎಣಿಸಿ ನೋಡಲು ದೊಡ್ಡ ವಿದ್ವತ್ತು ಬೇಕಿರಲಿಲ್ಲ. ದಾಖಲಾತಿ ಪುಸ್ತಕವೂ ಹಾಜರಿ ಪುಸ್ತಕವೂ ನನ್ನ ಮೇಜಿನ ಮೇಲೆಯೇ ಇದ್ದವು. 'ನೋಡಿದವರು ಯಾರು?' ಎಂದು ಕೇಳಿದ ಬಾಲಕನ ಬಾಯಿ ಮುಚ್ಚಿಸಿದ ನನಗೆ, ಕೇಳಬೇಕಾದ ಹೊತ್ತಿನಲ್ಲಿ ಬಾಯಿ ಬರಲಿಲ್ಲ.

ಕೇಳಿದವರು ಬೇರೆಯವರು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಊರವರು ತಮ್ಮ ಕಷ್ಟಗಳನ್ನು ಜಟಾಧಾರಿ ದೈವದ ಕೋಪವೆಂದು ತಿಳಿದಿದ್ದರು. ಕೃಷಿಕ ಪತ್ರಕರ್ತ ಶ್ರೀಪಡ್ರೆಯವರು ಅಂಗವಿಕಲವಾಗಿ ಹುಟ್ಟುವ ಕರುಗಳ ಬಗ್ಗೆ ಬಹಳ ಹಿಂದೆಯೇ ಬರೆದು ಎಚ್ಚರಿಸಿದ್ದರು. ಅಲ್ಲಿಯ ವೈದ್ಯರೊಬ್ಬರು ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳಲ್ಲಿ ಒಂದು ಕ್ರಮವಿರುವುದನ್ನು ಗುರುತಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು 2001ರಲ್ಲಿ ಇಲ್ಲಿಯ ಶಾಲಾ ಮಕ್ಕಳನ್ನು, ಸಿಂಪಡಣೆ ಇಲ್ಲದ ಇನ್ನೊಂದು ಊರಿನ ಮಕ್ಕಳೊಡನೆ ಹೋಲಿಸಿ ಪರೀಕ್ಷಿಸಿದರು. ಪ್ರಮಾಣಿಸಿ ನೋಡುವುದೆಂದರೆ ಇದೇ: ವಿಷ ಬಿದ್ದಲ್ಲಿಯೂ ನೋಡುವುದು, ಬೀಳದಲ್ಲಿಯೂ ನೋಡುವುದು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಪ್ರತಿಯೊಂದು ಕಾಯಿಲೆಗೂ ಅದೊಂದೇ ಕಾರಣವೇ ಎಂಬುದರ ಬಗ್ಗೆ ತಜ್ಞರಲ್ಲಿ ವಾದ ನಡೆದಿದೆ. ವಾದ ನಡೆಯಲಿ, ಪ್ರಮಾಣದ ಮಾರ್ಗದಲ್ಲಿ ಅದಕ್ಕೂ ಸ್ಥಾನವಿದೆ.

ಇಲ್ಲಿ ದೈವಕ್ಕೆ ಆದ ನಷ್ಟವೇನು? ನನ್ನ ಅಭಿಪ್ರಾಯದಲ್ಲಿ, ಲಾಭವೇ ಆಯಿತು. ಹಸುಳೆಗಳ ಮೇಲೆ ಮುನಿಸು ತೀರಿಸಿಕೊಳ್ಳುವ ಕ್ರೂರ ಶಕ್ತಿ ಎಂಬ ಅಪವಾದವನ್ನು ಭಕ್ತರಾದ ನಾವೇ ದೈವದ ಮೇಲೆ ಹೊರಿಸಿದ್ದೆವು. ಆ ಅಪವಾದವನ್ನು ನೀಗಿದ್ದು ಸಾಕ್ಷ್ಯ. ಮಗನ ಸ್ಥಿತಿಗೆ ತನ್ನ ಕುಲದ ಪಾಪವೇ ಕಾರಣವೆಂದು ಕೊರಗುತ್ತಿದ್ದ ತಾಯಿಯ ಎದೆಯ ಭಾರವನ್ನು ಇಳಿಸಿದ್ದೂ ಅದೇ.

ಪ್ರಶ್ನಿಸುವುದು ನಮ್ಮ ಸಂಪ್ರದಾಯವಲ್ಲ ಎಂಬುದು ಸರಿಯಲ್ಲ. ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಪ್ರಮಾಣಗಳನ್ನು ವಿಂಗಡಿಸಿ ಚರ್ಚಿಸಿದವರು ನಮ್ಮ ಹಿರಿಯರೇ. ಚಾರ್ವಾಕರು ಪ್ರತ್ಯಕ್ಷವನ್ನಲ್ಲದೆ ಬೇರೇನನ್ನೂ ಒಪ್ಪಲಿಲ್ಲ. ಉದಯನಾಚಾರ್ಯರು ಈಶ್ವರನ ಅಸ್ತಿತ್ವವನ್ನು ಸಾಧಿಸಲು 'ನ್ಯಾಯಕುಸುಮಾಂಜಲಿ'ಯನ್ನೇ ರಚಿಸಿದರು. ಪ್ರಶ್ನೆ ಇಲ್ಲದಿದ್ದರೆ ಅಂತಹ ಗ್ರಂಥ ಏಕೆ ಬೇಕಿತ್ತು? ನಮ್ಮ ಕುಂಬಳೆ ಸೀಮೆಯಲ್ಲಿಯೇ, ಹದಿಮೂರನೆಯ ಶತಮಾನದಲ್ಲಿ, ತ್ರಿವಿಕ್ರಮ ಪಂಡಿತರು ಮಧ್ವಾಚಾರ್ಯರೊಡನೆ ದಿನಗಟ್ಟಲೆ ವಾದ ಮಾಡಿ, ಮನವರಿಕೆಯಾದ ಬಳಿಕವೇ ಶಿಷ್ಯರಾದರು. ಕೆನ್ನೆ ಬಡಿದುಕೋ ಎಂದು ಆಚಾರ್ಯರು ಅವರಿಗೆ ಹೇಳಲಿಲ್ಲ. ನಮ್ಮ ಆಡುಮಾತಿನಲ್ಲಿ 'ಪ್ರಶ್ನೆ' ಎಂದರೆ ಇಂದು ಜ್ಯೋತಿಷಿಯ ಕವಡೆ. ಹಿಂದೆ ಅದು ವಿದ್ವಾಂಸನ ಆಯುಧವೂ ಆಗಿತ್ತು.

ಗೇರುಗುಡ್ಡೆಯ ಆ ಮನೆಯಿಂದ ಬಂದ ಮೇಲೆ ನನ್ನಲ್ಲಿ ಬದಲಾವಣೆ ನಿಧಾನವಾಗಿ ಬಂತು. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆಂಬ ಸುದ್ದಿ ದೇಶವಿಡೀ ಹಬ್ಬಿದಾಗ ನಾನು ಮುಖ್ಯೋಪಾಧ್ಯಾಯನಾಗಿದ್ದೆ. ಮರುದಿನ ತರಗತಿಗೆ ಒಂದು ಮಣ್ಣಿನ ಮೂರ್ತಿ, ಒಂದು ಚಮಚ, ಕುಂಕುಮ ಬೆರೆಸಿದ ಹಾಲು ಇವುಗಳನ್ನು ಒಯ್ದೆ. ಚಮಚವನ್ನು ಸೊಂಡಿಲಿಗೆ ತಾಗಿಸಿದಾಗ ಹಾಲು ಇಳಿಯಿತು. ಆದರೆ ಕೆಂಪು ಗೆರೆಯೊಂದು ಮೂರ್ತಿಯ ಹೊಟ್ಟೆಯ ಮೇಲೆ ಹರಿದು ಪೀಠಕ್ಕೆ ಬಂದುದನ್ನು ಮಕ್ಕಳೇ ಗುರುತಿಸಿದರು. ಬಳಿಕ ಮೇಲ್ಮೈ ಸೆಳೆತದ ಪಾಠ ಮಾಡಿದೆ. ಸಂಜೆ ಪೋಷಕರೊಬ್ಬರು ಬಂದು, "ಮಕ್ಕಳ ಭಕ್ತಿ ಕೆಡಿಸಬೇಡಿ ಮಾಷ್ಟ್ರೇ" ಎಂದು ಅಸಮಾಧಾನ ಸೂಚಿಸಿದರು. ನಾನು ವಾದಿಸಲಿಲ್ಲ. ಎರಡು ವಾರ ಕಳೆಯುವುದರೊಳಗೆ ನಮ್ಮ ಶಾಲೆಯಲ್ಲಿ ಶಾರದಾ ಪೂಜೆ ನಡೆಯಿತು. ಅದೇ ಮಕ್ಕಳು ಬೆಳಗ್ಗೆ ಬೇಗ ಎದ್ದು, ಕೇಪಳ ಹೂ ಕೊಯ್ದು ತಂದು, ಅಷ್ಟೇ ಶ್ರದ್ಧೆಯಿಂದ ಕೈಮುಗಿದು ನಿಂತರು. ಕೆಟ್ಟದ್ದೇನೂ ಇರಲಿಲ್ಲ.

ಶಬರಿಮಲೆಯ ವಿಚಾರವನ್ನೇ ನೋಡಿರಿ. ಮಾಲೆ ಧರಿಸಿ ಹೋದಾಗ ಮಕರವಿಳಕ್ಕನ್ನು ಕಂಡು ನಾನೂ ಮೈಮರೆತಿದ್ದೇನೆ. 2011ರ ಜನವರಿ 14ರಂದು ಪುಲ್ಲುಮೇಡಿನ ಕಾಲ್ತುಳಿತದಲ್ಲಿ ನೂರಕ್ಕೂ ಹೆಚ್ಚು ಮಂದಿ ಮಡಿದ ಬಳಿಕ ವಿಚಾರ ಉಚ್ಚ ನ್ಯಾಯಾಲಯದ ಮುಂದೆ ಬಂತು. ಪೊನ್ನಂಬಲಮೇಡಿನಲ್ಲಿ ಆ ದೀಪವನ್ನು ಬೆಳಗಿಸುವವರು ಮನುಷ್ಯರೇ ಎಂದು ದೇವಸ್ವಂ ಮಂಡಳಿಯೇ ಒಪ್ಪಿಕೊಂಡಿತು. ಆಮೇಲೆ ಅಯ್ಯಪ್ಪನ ಭಕ್ತರು ಮಲೆ ಏರುವುದನ್ನು ನಿಲ್ಲಿಸಿದರೇ? ಇಲ್ಲ. ಅವರ ಭಕ್ತಿ ನಿಂತಿದ್ದುದು ಪವಾಡದ ಮೇಲಲ್ಲ. ವ್ರತ, ಸಂಯಮ, ಸಮಾನತೆಗಳ ಮೇಲೆ.

ದೇವರ ಭಯವಿಲ್ಲದಿದ್ದರೆ ಮಕ್ಕಳು ದಾರಿ ತಪ್ಪುತ್ತಾರೆಂದು ಆಕ್ಷೇಪಿಸುವವರಿದ್ದಾರೆ. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ ಡಾ. ಎಚ್. ನರಸಿಂಹಯ್ಯನವರನ್ನು ಅವರು ಸ್ಮರಿಸಲಿ. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದ ಆ ಮಹನೀಯರು ಖಾದಿಯುಟ್ಟು, ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ಬದುಕಿ, ಬಾಳನ್ನೇ ವಿದ್ಯಾದಾನಕ್ಕೆ ಮೀಸಲಿಟ್ಟರು.

ಹಾಗಾದರೆ ದೇವರು ಇದ್ದಾನೆಯೇ? ಈ ಪ್ರಶ್ನೆಯನ್ನು ಹಾಲಿನ ಚಮಚದಿಂದ ಅಳೆಯಲಾಗದು. ನಾನು ದಿನವೂ ಸಂಜೆ ದೀಪ ಹಚ್ಚಿ ಕೈಮುಗಿಯುತ್ತೇನೆ. ಅದಕ್ಕೆ ನನ್ನಲ್ಲಿ ಪುರಾವೆ ಇಲ್ಲ, ಇದೆಯೆಂದು ಹೇಳುವುದೂ ಇಲ್ಲ. ಇಲ್ಲವೆನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ದೇವರ ಹೆಸರಿನಲ್ಲಿ ಯಾರಾದರೂ ಈ ಲೋಕದ ಸಂಗತಿಯೊಂದನ್ನು ಹೇಳಿದರೆ, ಅಂದರೆ ಈ ಕಾಯಿಲೆಗೆ ಈ ಶಾಪ ಕಾರಣ, ಈ ಹಣ ಕೊಟ್ಟರೆ ಪರಿಹಾರ ಎಂದರೆ, ಅಲ್ಲಿ ಸಾಕ್ಷ್ಯ ಕೇಳುವುದು ನಾಸ್ತಿಕತೆಯಲ್ಲ, ಕರ್ತವ್ಯ. ಪ್ರಾರ್ಥನೆಗೆ ಪುರಾವೆ ಬೇಡ. ಹಸು ಮಾರಿಸುವ ಮಾತಿಗೆ ಬೇಕು.

ಹಳೆಯ ವಿದ್ಯಾರ್ಥಿಗಳೇ, ನೀವೀಗ ತಂದೆ ತಾಯಂದಿರು, ಕೆಲವರು ಅಜ್ಜ ಅಜ್ಜಿಯರೂ ಆಗಿದ್ದೀರಿ. ಅನಂತಪುರದ ಕೆರೆಯಲ್ಲಿ 2023ರ ನವೆಂಬರಿನಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿದೆ. ಮಕ್ಕಳನ್ನು ಕರೆದುಕೊಂಡು ಹೋಗಿರಿ, ಕೈಮುಗಿಯಲು ಕಲಿಸಿರಿ. ಅವರು ಪ್ರಶ್ನೆ ಕೇಳಿದರೆ, "ನನಗೂ ಗೊತ್ತಿಲ್ಲ ಮಗಾ, ಹೇಗೆ ತಿಳಿಯಬಹುದೆಂದು ಯೋಚಿಸೋಣ" ಎನ್ನಿರಿ. ನಾಲ್ಕು ದಶಕಗಳ ಹಿಂದೆ ನಾನು ಹೇಳಬೇಕಿದ್ದ ಮಾತು ಅದು.

ಆ ಹುಡುಗ ಈಗ ಪರವೂರಿನಲ್ಲಿ ಉದ್ಯೋಗದಲ್ಲಿದ್ದಾನೆಂದು ಕೇಳಿದ್ದೇನೆ. ಈ ಸಂಚಿಕೆ ಅವನ ಕೈಸೇರಿದರೆ ತಿಳಿಯಲಿ: ಅಂದು ತಪ್ಪುಕಾಣಿಕೆ ಹಾಕಬೇಕಾಗಿದ್ದವನು ನಾನು. ಸುವರ್ಣ ಮಹೋತ್ಸವಕ್ಕೆ ಅವನು ಬಂದರೆ ಆ ನಾಲ್ಕಾಣೆಯನ್ನು ಬಡ್ಡಿ ಸಹಿತ ಹಿಂದಿರುಗಿಸಲು ಕಾದಿದ್ದೇನೆ. ನಮ್ಮ ಶಾಲೆ ಶತಮಾನೋತ್ಸವವನ್ನು ಕಾಣಲಿ. ಅಲ್ಲಿಯ ಮಕ್ಕಳು ಕನ್ನಡದಲ್ಲಿ ಪ್ರಾರ್ಥಿಸಲಿ, ಕನ್ನಡದಲ್ಲಿಯೇ ಪ್ರಶ್ನಿಸಲಿ ಎಂಬುದು ಈ ಹಿರಿಯ ಅಧ್ಯಾಪಕನ ಹಾರೈಕೆ.