ಪ್ರಕೃತಿ ಬುಟ್ಟಿ ಮುಚ್ಚೋದಿಲ್ಲ

ಮೇ ತಿಂಗಳ ಸಂಜೆ. ಸೇಡಂ ತಾಲ್ಲೂಕಿನ ನಮ್ಮೂರಲ್ಲಿ ಬೇವಿನ ಮರದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸ್ ಕಾಲ್‌ನಲ್ಲಿದ್ದೆ. ‘ಐದು ನಿಮಿಷ, ಕೋಳಿಗೆ ಬುಟ್ಟಿ ಮುಚ್ಚಿ ಬರ್ತೀನಿ’ ಅಂದೆ. ಬೆಂಗಳೂರಿನ ಕಡೆಯಿಂದ ನಗು. ಒಬ್ಬರು ಅಂದರು: ‘ಬಿಡಿ ಮೇಡಂ, ಪ್ರಕೃತಿ ನೋಡ್ಕೊಳ್ಳುತ್ತೆ.’

ಇಲ್ಲ ರೀ, ನೋಡ್ಕೊಳ್ಳಲ್ಲ. ಪ್ರಕೃತಿ ಅವತ್ತು ಎರಡು ಮನೆ ಆಚೆ ಮುಂಗುಸಿಯ ವೇಷದಲ್ಲಿ ಓಡಾಡ್ತಿತ್ತು. ಅದಕ್ಕೂ ಮರಿಗಳಿದ್ದವು, ಅದಕ್ಕೂ ಹಸಿವಿತ್ತು.

ಕಥೆ ಇಷ್ಟೇ. ಅವ್ವನ ಕೆಂಪು ಹೇಂಟೆ ಮನೆಯ ಗೂಡು ಬಿಟ್ಟು, ಹಿತ್ತಲಿನ ತೊಗರಿ ಕಟ್ಟಿಗೆಯ ಗುಡ್ಡೆಯ ಸಂದಿನಲ್ಲಿ ಕದ್ದು ತತ್ತಿ ಇಟ್ಟು ಕಾವಿಗೆ ಕೂತಿತ್ತು. 11 ತತ್ತಿ. ಕೋಳಿ ದಿನಕ್ಕೊಂದರಂತೆ ತತ್ತಿ ಇಡ್ತಾ ಹೋಗುತ್ತೆ, ಸಾಕಷ್ಟು ಆದ ಮೇಲೆ ಒಟ್ಟಿಗೆ ಕಾವು ಶುರು ಮಾಡುತ್ತೆ. ಅದಕ್ಕೇ ಮರಿಗಳು ಹೆಚ್ಚುಕಡಿಮೆ ಒಂದೇ ದಿನ ಹೊರಬರ್ತವೆ. ಅವ್ವ ಗೋಡೆ ಮೇಲೆ ಇದ್ದಲಿನಲ್ಲಿ ಗೆರೆ ಎಳೀತಿದ್ದಳು. ನಾನು ಕಾಲ್‌ನಲ್ಲಿದ್ದ ದಿನ ಅಲ್ಲಿ 18 ಗೆರೆ. ಮರಿ ಆಗೋದು 21ಕ್ಕೆ.

ಈಗ ಆ ‘ಪ್ರಕೃತಿ’ ಅನ್ನೋ ಮಾತಿಗೆ ಬರೋಣ. ಕೋಳಿ ಕಾಡಿನ ಪ್ರಾಣಿಯಾಗಿ ಉಳಿದಿಲ್ಲ. ಮನುಷ್ಯ ಇದನ್ನು ಮನೆಗೆ ತಂದು ಸುಮಾರು 3,500 ವರ್ಷ ಆಗಿದೆ ಅಂತ 2022ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತೆ. ಕಾಡುಕೋಳಿ ಮರದ ಮೇಲೆ ಹಾರಿ ಕೂರುತ್ತೆ, ಅದರ ಬಣ್ಣ ಎಲೆಯಲ್ಲಿ ಕರಗುತ್ತೆ. ನಾವು ಮೈ ತುಂಬಿಸಿ, ಹಾರೋದು ಕಡಿಮೆ ಮಾಡಿಸಿ, ಬೆಕ್ಕು ನಾಯಿ ಇರೋ ಅಂಗಳದಲ್ಲಿ ತಂದು ಬಿಟ್ಟಿದ್ದೀವಿ. ತತ್ತಿ ತಿನ್ನುವಾಗ ಅದು ನಮ್ಮದು, ಅಪಾಯ ಬಂದಾಗ ಪ್ರಕೃತಿಯದ್ದು ಅಂದ್ರೆ ಯಾವ ನ್ಯಾಯ? ಇದಕ್ಕೆ ನಮ್ಮ ಕಡೆ ಜವಾಬ್ದಾರಿ ತಪ್ಪಿಸಿಕೊಳ್ಳೋದು ಅಂತಾರೆ.

ಇನ್ನೊಂದು ವಿಷಯ. ನೀವು ಅಂಗಡಿಯಲ್ಲಿ ಟ್ರೇಗಟ್ಟಲೆ ಕೊಳ್ಳೋ ಬಿಳಿ ಮೊಟ್ಟೆ ಇಡುವ ಲೆಗ್‌ಹಾರ್ನ್ ಜಾತಿಗೆ ಕಾವಿಗೆ ಕೂರೋದೇ ಹೆಚ್ಚುಕಡಿಮೆ ಮರೆತುಹೋಗಿದೆ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡೋದು ನಿಲ್ಲಿಸುತ್ತೆ, ನಷ್ಟ ಅಂತ ತಳಿ ಆರಿಸಿ ಆರಿಸಿ ಆ ಗುಣವನ್ನೇ ತೆಗೆದುಹಾಕಿದ್ದಾರೆ. ಅವುಗಳ ಮರಿ ಆಗೋದು ಯಂತ್ರದಲ್ಲಿ. ಕರೆಂಟಿಲ್ಲದೆ, ಯಂತ್ರವಿಲ್ಲದೆ ತಾನೇ ಸಂತಾನ ಬೆಳೆಸೋದು ಈ ಹಿತ್ತಲಿನ ನಾಟಿ ಹೇಂಟೆ.

ಹಾಗಂತ ನಾನು ‘ರಕ್ಷಣೆ’ ಮಾಡೋರ ಪರ ಅಂದ್ಕೋಬೇಡಿ. ಅವರ ಮೇಲೆ ಇನ್ನೂ ಜಾಸ್ತಿ ಸಿಟ್ಟಿದೆ, ಯಾಕಂದ್ರೆ ಹೋದ ವರ್ಷ ನಾನೇ ಅವರಲ್ಲೊಬ್ಬಳು. ಅವಾಗಲೂ 18ನೇ ದಿನ. ಅವ್ವ ಹೊಲಕ್ಕೆ ಹೋಗಿದ್ದಳು. ವಾಡಿಯಲ್ಲಿ ರೈಲು ಬದಲಿಸಿ, ಚಿತ್ತಾಪುರ ದಾಟಿ ಬೆಳಿಗ್ಗೆಯಷ್ಟೇ ಊರಿಗೆ ಬಂದಿದ್ದ ನಾನು ಯೂಟ್ಯೂಬ್ ನೋಡಿ, ಮಟಮಟ ಮಧ್ಯಾಹ್ನ ಹೇಂಟೆಯನ್ನೂ 9 ತತ್ತಿಗಳನ್ನೂ ಎತ್ತಿ ಒಳಗಿನ ಕೋಣೆಯ ರಟ್ಟಿನ ಡಬ್ಬಿಗೆ ಹಾಕಿದೆ. ಮೆತ್ತನೆ ಟವೆಲ್ ಬೇರೆ. ಹೇಂಟೆ ಚೀರಿ ಹೊರಗೆ ಓಡಿ, ಹಳೇ ಜಾಗಕ್ಕೆ ಹೋಗಿ ಬರೀ ಮಣ್ಣಿನ ಮೇಲೆ ಕೂತುಬಿಟ್ಟಿತು. ಅವ್ವ ಬಂದು ತತ್ತಿ ತಿರುಗಿ ಇಟ್ಟಾಗ ಬೆಳಗಾಗಿತ್ತು. ಒಂದೂ ಒಡೀಲಿಲ್ಲ. ಆಮೇಲೆ ಒಂದನ್ನು ಒಡೆದು ನೋಡಿದರೆ ಒಳಗೆ ಪುಕ್ಕ ಬಂದಿದ್ದ ಮರಿ. ಅವ್ವ ಬೈಯಲಿಲ್ಲ. ‘ಯವ್ವಾ, ಆಕಿಗಿ ಆಕಿ ಜಾಗ ಗೊತ್ತಿತ್ತು’ ಅಂದಳು, ಅಷ್ಟೇ.

18ನೇ ದಿನದಿಂದ ಒಳಗೆ ಏನಾಗ್ತದೆ ಗೊತ್ತಾ? ಮರಿ ತತ್ತಿಯ ಅಗಲ ತುದಿಯ ಗಾಳಿಚೀಲದ ಕಡೆಗೆ ಕೊಕ್ಕು ತಿರುಗಿಸಿಕೊಳ್ಳುತ್ತೆ. ಆಮೇಲೆ ಒಳಗಿಂದಲೇ ಚಿಂವ್‌ಗುಡುತ್ತೆ, ತಾಯಿ ಮೆಲ್ಲಗೆ ಗೊರಗುಟ್ಟಿ ಉತ್ತರ ಕೊಡುತ್ತೆ. ಉಳಿದ ಹಳದಿ ಭಾಗ ಹೊಟ್ಟೆಯೊಳಕ್ಕೆ ಸೇರುತ್ತೆ. ಆ ಬುತ್ತಿಯಿಂದಲೇ ಮರಿ ಹುಟ್ಟಿದ ಮೇಲೆ ಎರಡು ದಿನ ಏನೂ ತಿನ್ನದೆ ಇರಬಲ್ಲದು, ತಾಯಿ ಕೊನೆಯ ಮರಿಗಾಗಿ ಕಾಯಬಲ್ಲಳು. ಈ ಹೊತ್ತಲ್ಲಿ ಎತ್ತಿ ನೋಡಿದರೆ ತೇವ ಆರಿ ಪೊರೆ ಮರಿಯ ಮೈಗೆ ಅಂಟಿಕೊಳ್ಳಬಹುದು. ಪಾಪ ಅಂತ ಚಿಪ್ಪು ಸುಲಿದರೆ ಪೊರೆಯಲ್ಲಿನ ರಕ್ತನಾಳ ಹರಿದು ಮರಿ ಸಾಯುತ್ತೆ.

ಹಂಗಾದ್ರೆ ಏನು ಮಾಡಬೇಕು? ಕೋಳಿಯನ್ನು ಮನೆಗೆ ತರಬೇಡಿ, ಮನೆಯನ್ನು ಕೋಳಿಯ ಹತ್ತಿರ ಒಯ್ಯಿರಿ.

ನಮ್ಮ ಕಡೆ ಅದು ಸುಲಭ. ಶಹಾಬಾದ್ ಫರಸಿ ಅಂತ ನಿಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಹಾಸೋ ಕಲ್ಲಿದೆಯಲ್ಲ, ಅದರ ಒಡೆದ ಚೂರುಗಳು ಇಲ್ಲಿ ಪ್ರತಿ ಹಿತ್ತಲಲ್ಲೂ ಬಿದ್ದಿರ್ತವೆ. ಅವ್ವ ಗೂಡಿನ ಮೂರು ಬದಿ ಮೂರು ಫರಸಿ ಒಂದೊಂದಾಗಿ ನಿಲ್ಲಿಸಿದಳು, ಮೂರು ದಿನಕ್ಕೊಂದರಂತೆ, ಕೋಳಿಗೆ ಗಾಬರಿ ಆಗದಂಗೆ. ಆದರೆ ಫರಸಿ ಬಿಸಿಲಿಗೆ ರೊಟ್ಟಿ ಹಂಚಿನಂತೆ ಕಾಯುತ್ತೆ. ತತ್ತಿಗೆ ಬೇಕಿರೋದು 37.5 ಡಿಗ್ರಿ ಆಸುಪಾಸು, ನಮ್ಮ ಮೇ ತಿಂಗಳ ಮಧ್ಯಾಹ್ನ 42 ದಾಟುತ್ತೆ. ಅದಕ್ಕೆ ಕಲ್ಲಿನ ಮೇಲೆ ಒದ್ದೆ ಗೋಣಿಚೀಲ, ಮೇಲೆ ತೊಗರಿ ಕಟ್ಟಿಗೆಯ ನೆರಳು, ಗಾಳಿಗೆ ಸಂದು. ಕೂತಲ್ಲಿಂದ ಎರಡು ಹೆಜ್ಜೆಗೆ ಒಡೆದ ಮಡಕೆಯಲ್ಲಿ ನೀರು, ಹಿಡಿ ಜೋಳ. ದಿನಕ್ಕೊಮ್ಮೆ ಎದ್ದು ತಿಂದು, ಮಣ್ಣಲ್ಲಿ ಹೊರಳಿ ಅದು 20 ನಿಮಿಷದಲ್ಲಿ ವಾಪಸ್. ಕತ್ತಲಾದರೆ ಬಿದಿರಿನ ಬುಟ್ಟಿ ಕವುಚಿ, ಅಂಚಿಗೆ ಮಣ್ಣು ಒತ್ತಿ, ಮೇಲೆ ಒಂದು ಕಲ್ಲು. ಬೆಳಗಿನ ಜಾವ ತೆಗೆಯೋದು. ಖರ್ಚು ಸೊನ್ನೆ, ನಿದ್ದೆ ಮಾತ್ರ ಹೋಗ್ತದೆ. ಅವ್ವ ಮೂರು ರಾತ್ರಿ ಹಿತ್ತಲಲ್ಲೇ ಹೊರಸು ಹಾಕಿ ಮಲಗಿದಳು.

‘ಅಷ್ಟೆಲ್ಲ ಯಾಕೆ, ಮುಂಗುಸಿ ಹಾವು ಹೊಡೆದುಹಾಕಿ’ ಅನ್ನೋರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರಡಕ್ಕೂ ರಕ್ಷಣೆ ಕೊಟ್ಟಿದೆ. ಚಿಂಚೋಳಿಯ ವನ್ಯಜೀವಿಧಾಮದಲ್ಲಿ ಸೆಲ್ಫಿ ತೆಗೆದುಕೊಂಡು ಬಂದು ಹಿತ್ತಲಲ್ಲಿ ಕೋಲು ಹುಡುಕೋದು ಸರಿಯಲ್ಲ. ಹಾವು ತಿನ್ನೋ ಇಲಿಯ ಲೆಕ್ಕ ನಿಮ್ಮ ತೊಗರಿ ಚೀಲಕ್ಕೆ ಗೊತ್ತು. ತಡೆಯೋದು ನಮ್ಮ ಕೆಲಸ, ಕೊಲ್ಲೋದಲ್ಲ.

ಒಂದು ಕೋಳಿಗೆ ಇಷ್ಟಾ ಅಂತೀರಾ? ನಮ್ಮ ಮನೇಲಿ ತೊಗರಿ ದುಡ್ಡು ಅಪ್ಪನ ಕೈಗೆ ಬರ್ತಿತ್ತು, ಅಂಗಡಿ ಸಾಲಕ್ಕೆ ಹೋಗ್ತಿತ್ತು. ಕೋಳಿ ದುಡ್ಡು ಅವ್ವನದು, ಸೆರಗಿನ ಗಂಟಿನಲ್ಲಿ ಇರ್ತಿತ್ತು. ನನ್ನ ಪಿಯುಸಿ ಅರ್ಜಿ ತುಂಬಿದ್ದು ಆ ಗಂಟು ಬಿಚ್ಚಿ. ಹೋದ ವರ್ಷ ನಾನು ಕೆಡಿಸಿದ್ದು 9 ತತ್ತಿ ಮಾತ್ರ ಅಲ್ಲ, ಅವ್ವ ಯಾರನ್ನೂ ಕೇಳದೆ ಖರ್ಚು ಮಾಡಬಹುದಾಗಿದ್ದ ದುಡ್ಡು. ನೀವು ‘ಫ್ರೀ ರೇಂಜ್’ ಅಂತ ಜಾಸ್ತಿ ಕೊಟ್ಟು ಮೊಟ್ಟೆ ಕೊಳ್ತೀರಲ್ಲ, ಆ ಫ್ರೀ ಅನ್ನೋದರ ಹಿಂದೆ ರಾತ್ರಿ ಎದ್ದು ಬುಟ್ಟಿ ನೋಡೋ ಒಬ್ಬಾಕೆ ಇರ್ತಾಳೆ.

ಈ ಸಲ 11ರಲ್ಲಿ 8 ಮರಿ ಆದವು. ಎರಡು ಗೊಡ್ಡು ತತ್ತಿ. ಒಂದು ಮರಿ ಚಿಪ್ಪು ಅರ್ಧ ಒಡೆದು ಅಲ್ಲೇ ಸತ್ತಿತು. ನಾನು ಕೈ ಚಾಚಿದ್ದೆ, ಅವ್ವ ಹಿಡಿದು ನಿಲ್ಲಿಸಿದಳು. ಸುಲಿದಿದ್ದರೆ ಬದುಕುತ್ತಿತ್ತಾ ಅಂತ ಈಗಲೂ ಯೋಚಿಸ್ತೀನಿ. ಉಳಿದ ಎಂಟು ತಾಯಿಯ ರೆಕ್ಕೆ ಸಂದಿನಿಂದ ಇಣುಕುತ್ತಿದ್ದವು.

ನಿಮ್ಮೂರಲ್ಲೂ ಅವ್ವನೋ ಅತ್ತೆಯೋ ಕೋಳಿ ಕಾವಿಗೆ ಕೂರಿಸಿದ್ದರೆ ಇವತ್ತೇ ಫೋನ್ ಮಾಡಿ, ಎಷ್ಟನೇ ದಿನ ಅಂತ ಕೇಳಿ. 18 ಅಂದರೆ ಉಪದೇಶ ಬೇಡ. ರಜೆ ಇದ್ದರೆ ಹೋಗಿ, ಒಂದು ರಾತ್ರಿ ಆಕೆ ಮಲಗಲಿ, ಹೊರಸಿನ ಮೇಲೆ ನೀವು ಕೂತು ಬುಟ್ಟಿ ಕಾಯಿರಿ.