ತಿರುಗಾಟಕ್ಕೂ ಮುಯ್ಯಾಳು ಬೇಕು

ನಮ್ಮಂಥ ಮಳೆ ನಂಬಿದ ರೈತರ ಮನೆಯಲ್ಲಿ ಪ್ರಯಾಣ ಅಂದ್ರೆ ಎರಡೇ. ಒಂದು ಮನೆದೇವರಿಗೆ ಹೋಗೋದು, ಇನ್ನೊಂದು ನೆಂಟರ ಮನೆ ಮದುವೆ, ತಿಥಿ. ಹೆಂಡತಿ ಮಕ್ಕಳನ್ನು ಕರಕೊಂಡು ಸುಮ್ಮನೆ ಒಂದು ಕೆರೆ ನೋಡಿ, ಒಂದು ಬೆಟ್ಟ ಹತ್ತಿ ಬರ್ತೀನಿ ಅಂದವನನ್ನು ಊರೋರು ಮೇಲಿಂದ ಕೆಳಗೆ ನೋಡ್ತಾರೆ. ‘ಇವನಿಗೆ ಹೊಲದಲ್ಲಿ ಕೆಲಸ ಇಲ್ವಾ’ ಅಂತಾರೆ. ನಾನೂ ಹಾಗೆ ಅಂದವನೇ. ಈಗ ನನ್ನ ಅಭಿಪ್ರಾಯ ಬೇರೆಯಾಗಿದೆ. ಯಾಕೆ ಅಂತ ಬರೀತೀನಿ. ತಪ್ಪಿದ್ದರೆ ತಿದ್ದಿ.

ನನ್ನದು ತಗಡೂರು. ಮೂರೂವರೆ ಎಕರೆ ಖುಷ್ಕಿ ಹೊಲ. ಹತ್ತಿ, ರಾಗಿ, ಹುರುಳಿ, ಅವರೆ ಬೆಳೀತೀನಿ. ಡೈರಿಗೆ ಹಾಲು ಹಾಕೋಕೆ ಎರಡು ಸೀಮೆಹಸು ಇವೆ. ಓದಿದ್ದು ಏಳನೇ ಕ್ಲಾಸು.

ಹತ್ತು ವರ್ಷದ ಹಿಂದೆ ಒಂದು ಸಲ ಮೂರು ಮನೆಯವರು ಸೇರಿ ಟೆಂಪೊ ಮಾಡಿಕೊಂಡು ಧರ್ಮಸ್ಥಳ, ಸುಬ್ರಹ್ಮಣ್ಯ, ಹಾಗೇ ಕಡಲು ಅಂತ ಹೊರಟೆವು. ನನ್ನ ಪಾಲಿನ ಬಾಡಿಗೆ ಕೊಟ್ಟದ್ದು ಹತ್ತಿಗೆ ಗೊಬ್ಬರ ತರೋಕೆ ಇಟ್ಟಿದ್ದ ದುಡ್ಡು. ಮೂರು ದಿನದಲ್ಲಿ ನಾಲ್ಕು ಊರು. ಘಾಟಿಯಲ್ಲಿ ಮಕ್ಕಳು ವಾಂತಿ ಮಾಡಿಕೊಂಡವು. ಕಡಲ ಮುಂದೆ ನಿಂತದ್ದು ಅರ್ಧ ಗಂಟೆ, ಅಷ್ಟರಲ್ಲಿ ಡ್ರೈವರ್ ಹಾರನ್ ಹೊಡೆದ. ಮನೆಗೆ ಬಂದು ನೋಡಿದ್ರೆ, ಹಸು ನೋಡಿಕೋ ಅಂತ ಹೇಳಿಹೋಗಿದ್ದ ಹುಡುಗ ಎರಡು ಹೊತ್ತು ಹಾಲು ಸರಿಯಾಗಿ ಕರೆದಿರಲಿಲ್ಲ. ಕೆಚ್ಚಲು ಬಾವು ಬಂದಿತ್ತು. ಔಷಧಿ ಮಾಡಿಸಿದರೂ ಒಂದು ಮೊಲೆ ಬತ್ತಿಯೇ ಹೋಯ್ತು. ಆ ಹಸುವನ್ನು ಕೊಂಡದ್ದರ ಅರ್ಧಕ್ಕೂ ಕೇಳುವವರಿಲ್ಲದೆ ಮಾರಿದೆ. ಆ ಹುಡುಗನದೇನು ತಪ್ಪು? ಅವನಿಗೂ ಅವನ ಕೆಲಸ ಇತ್ತು. ‘ನೋಡ್ಕೊ’ ಅಂತ ಬಾಯಿ ಮಾತಲ್ಲಿ ಹೇಳಿ ಹೋದವನು ನಾನು.

ಅಲ್ಲಿಂದ ಮುಂದೆ ನನ್ನ ಹೆಂಡತಿ ‘ಎಲ್ಲಾದ್ರೂ ಹೋಗೋಣ’ ಅನ್ನೋ ಮಾತನ್ನೇ ಬಿಟ್ಟಳು. ನನಗೂ ಅದೇ ಸರಿ ಅನ್ನಿಸಿತ್ತು.

ಹದಿನಾರು ಕೆರೆಯ ಬಾತು

ಎರಡು ವರ್ಷದ ಹಿಂದೆ ಐದನೇ ಕ್ಲಾಸಿನ ಮೊಮ್ಮಗಳು ಸ್ಕೂಲಿಂದ ಬಂದವಳೇ ಕೇಳಿದಳು. ‘ತಾತ, ಹದಿನಾರು ಕೆರೆಗೆ ಹಿಮಾಲಯ ದಾಟ್ಕೊಂಡು ಬಾತು ಬತ್ತವಂತೆ. ನೀನು ನೋಡಿದ್ದೀಯಾ?’ ಹದಿನಾರು ನಮ್ಮ ನಂಜನಗೂಡು ತಾಲ್ಲೂಕೇ. ಆ ಕಡೆ ಎಷ್ಟೋ ಸಲ ಓಡಾಡಿದ್ದೀನಿ. ಆದರೆ ಬಾತು ನೋಡಿದ್ದೀನಿ ಅಂತ ಹೇಳೋಕೆ ನಾಲಿಗೆ ಏಳಲಿಲ್ಲ.

ರಾಗಿ ಒಕ್ಕಣೆ ಮುಗಿದಿತ್ತು. ಪಕ್ಕದ ಮನೆಯವರನ್ನು ಕೇಳಿದೆ. ‘ಒಂದು ದಿನ ನಮ್ಮ ಹಸು ನೀವು ಕರೀರಿ. ಬೂಸಾ, ಹುಲ್ಲು ಎಲ್ಲ ತೆಗೆದಿಟ್ಟಿರ್ತೀನಿ. ಇನ್ನೊಂದು ದಿನ ನೀವು ಹೋಗಿ, ನಿಮ್ಮ ಹಸು ನಾವು ಕರೀತೀವಿ.’ ಅವರು ‘ಇದೇನು, ಕಳೆ ಕೀಳೋಕೆ ಮುಯ್ಯಾಳು ಬಂದಂಗೆ’ ಅಂತ ನಕ್ಕರು. ಒಪ್ಪಿದರು. ಹಿಂದಿನ ಎರಡು ದಿನ ಆ ಅಕ್ಕ ನಮ್ಮ ಕೊಟ್ಟಿಗೆಗೆ ಬಂದು ನನ್ನ ಹೆಂಡತಿ ಎದುರಲ್ಲೇ ಹಾಲು ಕರೆದರು. ಹಸುವಿಗೆ ಅವರ ಕೈ ಗುರುತಾಯ್ತು.

ಬೆಳಗಿನ ಹಾಲು ಡೈರಿಗೆ ಹಾಕಿ ಹೊರಟೆವು. ನಂಜನಗೂಡಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಹೆಂಡತಿ, ಸೊಸೆ, ಮೊಮ್ಮಗಳಿಗೆ ಟಿಕೆಟ್ ದುಡ್ಡಿಲ್ಲ. ನನಗೂ ಮಗನಿಗೂ ಮಾತ್ರ. ಬುತ್ತಿಗೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ. ಟೀ, ಕಡ್ಲೆಕಾಯಿ ಎಲ್ಲ ಸೇರಿ ಆ ದಿನದ ಖರ್ಚು ಇನ್ನೂರು ರೂಪಾಯಿ ಮುಟ್ಟಲಿಲ್ಲ.

ಬಾತುಗಳು ಇದ್ದವು. ಬಿಳಿ ತಲೆಯ ಮೇಲೆ ಎರಡು ಕರೀ ಪಟ್ಟೆ. ಪಟ್ಟೆತಲೆ ಹೆಬ್ಬಾತು ಅಂತಾರೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಚಳಿಗಾಲಕ್ಕೆ ಹಿಮಾಲಯದ ಮೇಲೆ ಹಾರಿ ನಮ್ಮ ಸೀಮೆಗೆ ಬರ್ತವೆ. ಮಂಗೋಲಿಯಾದಲ್ಲಿ ಕತ್ತಿಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹಕ್ಕಿಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡದ್ದುಂಟು. ರಾತ್ರಿ ಹೊಲಗಳಲ್ಲಿ ಮೇದು, ಹಗಲು ಕೆರೆಯಲ್ಲಿ ಇರ್ತವೆ. ಅಂದ್ರೆ ನಮ್ಮಂಥ ರೈತರ ಹೊಲದಲ್ಲೇ ಅವುಕ್ಕೂ ಊಟ.

ಮೊಮ್ಮಗಳು ಎಣಿಸೋಕೆ ಶುರು ಮಾಡಿ ಎಣಿಕೆ ತಪ್ಪಿಸಿಕೊಂಡಳು. ನನ್ನ ಹೆಂಡತಿ ಮರದ ನೆರಳಲ್ಲಿ ಕಾಲು ಚಾಚಿ ಕೂತಳು. ಬಹಳ ಹೊತ್ತಿನ ಮೇಲೆ ‘ಕಳೆಗೂ ಹೋಗ್ದೆ, ಒಲೆ ಮುಂದ್ಕೂ ಏಳ್ದೆ ಹಿಂಗೆ ಕೂತು ಯಾವ ಕಾಲಾಯ್ತೋ’ ಅಂದಳು. ಅದಕ್ಕೆ ನಾನು ಏನೂ ಹೇಳಲಿಲ್ಲ. ಹೇಳೋಕೆ ಏನಿತ್ತು?

ಕಟ್ಟಿಹಾಕಿರೋದು ದುಡ್ಡಲ್ಲ

ನಾವೆಲ್ಲ ‘ದುಡ್ಡಿಲ್ಲ, ಅದಕ್ಕೆ ಹೋಗಲ್ಲ’ ಅಂತೀವಿ. ದುಡ್ಡಿಲ್ಲ ಅನ್ನೋದು ನಿಜ. ಆದರೆ ಪೇಟೆಯವರು ಕಬಿನಿ ದಂಡೆಯ ರೆಸಾರ್ಟಿನಲ್ಲಿ ಒಂದು ರಾತ್ರಿಗೆ ಸಾವಿರಗಟ್ಟಲೆ ಕೊಟ್ಟು ನೋಡುವ ನೀರು, ಹಕ್ಕಿ, ಗಾಳಿ ನಮ್ಮ ಅಕ್ಕಪಕ್ಕದಲ್ಲೇ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು, ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸು, ವೇಗದೂತ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಹಾಗಿದ್ದರೂ ನಮ್ಮ ಮನೆ ಹೆಂಗಸರು ಆ ಬಸ್ಸಿನಲ್ಲಿ ಹೋಗೋದು ಎಲ್ಲಿಗೆ? ಆಸ್ಪತ್ರೆಗೆ, ತವರಿಗೆ, ದೇವಸ್ಥಾನಕ್ಕೆ. ಬಿಡಿಸಿಕೊಳ್ಳೋಕೆ ಆಗದೆ ಇರೋದು ಕೊಟ್ಟಿಗೆಯಿಂದ. ಹಸು ನಮ್ಮ ಗೂಟಕ್ಕೆ ಕಟ್ಟಿದೆ ಅಂದ್ಕೊಂಡಿದ್ದೀವಿ, ಅದೇ ಗೂಟಕ್ಕೆ ನಾವೂ ಕಟ್ಟಿಕೊಂಡಿದ್ದೀವಿ.

ಇದಕ್ಕೆ ಮದ್ದು ನಮ್ಮ ಹಿರೀಕರೇ ಮಾಡಿಟ್ಟಿದ್ದಾರೆ. ನಾಟಿಗೆ, ಕಳೆಗೆ, ಕುಯ್ಲಿಗೆ ಮುಯ್ಯಾಳು ಇತ್ತು. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಕೂಲಿ ಕೊಟ್ಟು ಮಾಡಿಸೋದು ಬಂದಮೇಲೆ ಅದು ಕಮ್ಮಿಯಾಯ್ತು. ಅದನ್ನು ತಿರುಗಾಟಕ್ಕೆ ತನ್ನಿ ಅನ್ನೋದು ನನ್ನ ಮಾತು. ಎರಡು ಮನೆ ಸಾಕು. ಮೂರು ಮನೆಯಾದರೆ ಇನ್ನೂ ಒಳ್ಳೇದು. ಹಾಲು ಕರೆಯೋ ಕೈ ಹಸುವಿಗೆ ಮೊದಲೇ ಗುರುತಾಗಿರಬೇಕು. ಮೇವು ಅಳತೆ ಮಾಡಿ ಇಟ್ಟು ಹೋಗಬೇಕು. ಕರು ಹಾಕುವ ದಿನ ಹತ್ತಿರವಿರುವ ಹಸು ಬಿಟ್ಟು ಹೋಗಬಾರದು. ಹೋದವರು ಮುಯ್ಯಿ ತೀರಿಸುವ ದಿನವನ್ನು ಹೋಗುವ ಮೊದಲೇ ಗೊತ್ತು ಮಾಡಬೇಕು.

ಯಾವಾಗ, ಎಲ್ಲಿಗೆ

ಬಿತ್ತನೆಗೆ ಹದ ನೋಡುವ ಹಾಗೆ ತಿರುಗಾಟಕ್ಕೂ ಹದ ಉಂಟು. ಸಂಕ್ರಾಂತಿಯಿಂದ ಯುಗಾದಿವರೆಗೆ ಖುಷ್ಕಿಯವನಿಗೆ ಬಿಡುವು. ಬಾತುಗಳು ಬಂದಿರೋದೂ ಆಗಲೇ. ಕೆರೆ, ಹೊಳೆ ದಂಡೆಗೆ ಆ ಕಾಲ ಒಳ್ಳೇದು. ಕಾಡಿನ ಬೆಟ್ಟಗಳಿಗೆ ಆಗ ಬೇಡ, ಎಲೆ ಉದುರಿ ಕಾಡ್ಗಿಚ್ಚಿನ ಕಾಲ. ಹುರುಳಿ ಬಿತ್ತಿ, ರಾಗಿ ಇನ್ನೂ ಹೊಲದಲ್ಲಿರುವಾಗ, ಆಯುಧಪೂಜೆ ಆಸುಪಾಸಿನಲ್ಲಿ ನಾಲ್ಕು ದಿನ ಪುರುಸೊತ್ತು ಸಿಗುತ್ತೆ. ಬೆಟ್ಟಕ್ಕೆ ಅದೇ ಹದ. ಗುಂಡ್ಲುಪೇಟೆ ಮೇಲೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಬಹುದು. ಖಾಸಗಿ ಗಾಡಿಗಳನ್ನು ಕೆಳಗೇ ನಿಲ್ಲಿಸ್ತಾರೆ, ಮೇಲಕ್ಕೆ ಬಸ್ಸು. ಕಾರಿನವನೂ ನಾವೂ ಅಲ್ಲಿ ಒಂದೇ ಸಾಲಲ್ಲಿ ನಿಲ್ಲಬೇಕು. ರೈಲು ಹತ್ತದ ಮಕ್ಕಳಿದ್ದರೆ ನಂಜನಗೂಡಿನಿಂದ ಚಾಮರಾಜನಗರಕ್ಕೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸಿಗೆ ಬಿಳಿಗಿರಿರಂಗನ ಬೆಟ್ಟ.

ಅರ್ಧ ದಿನವೇ ಇದೆ ಅನ್ನೋರಿಗೆ ನಂಜನಗೂಡಿನ ಕಪಿಲಾ ದಂಡೆ ಸಾಕು. 1735ರಲ್ಲಿ ಕಟ್ಟಿದ ಹಳೇ ಸೇತುವೆ ಮಕ್ಕಳಿಗೆ ತೋರಿಸಿ. ಒಂದು ಕಾಲಕ್ಕೆ ರೈಲೂ ಅದರ ಮೇಲೇ ಓಡುತ್ತಿತ್ತು. ತಿರುಮಕೂಡಲಿನಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳಕ್ಕೆ ಜನ ಸೇರ್ತಾರೆ, ಹಿಂದಿನದು 2025ರ ಫೆಬ್ರವರಿಯಲ್ಲಿ ಆಯ್ತು. ಮೇಳ ಇಲ್ಲದ ದಿನ ಹೋದರೆ ಕಾವೇರಿ ಕಪಿಲೆ ಕೂಡೋದನ್ನು ನೆಮ್ಮದಿಯಾಗಿ ಕೂತು ನೋಡಬಹುದು.

ಕೆಲವು ಎಚ್ಚರಿಕೆ ಮಾತು. ತಲಕಾಡಾಗಲಿ ಸಂಗಮವಾಗಲಿ, ಮೊಣಕಾಲಿನ ಮೇಲೆ ನೀರಿಗೆ ಇಳಿಯಬೇಡಿ. ಹೊಳೆ ಮರಳು ಕಾಲಡಿಯಿಂದ ಜಾರುತ್ತೆ, ಮಡು ಎಲ್ಲಿದೆ ಅಂತ ಹೊರಗಿನವರಿಗೆ ಗೊತ್ತಾಗಲ್ಲ. ಕಾಡಿನ ದಾರಿಯಲ್ಲಿ ಬಸ್ಸಿಂದ ಇಳಿಯಬೇಡಿ. ಹುಲಿ ದಾಳಿಗೆ ರೈತರು ಸತ್ತದ್ದರಿಂದ 2025ರ ನವೆಂಬರಿನಲ್ಲಿ ಬಂಡೀಪುರ, ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಬೇಕಾಗಿ ಬಂತು. ಬುತ್ತಿಯ ಪ್ಲಾಸ್ಟಿಕ್ ಕವರು ಅಲ್ಲಿ ಬಿಸಾಡಬೇಡಿ, ಜಿಂಕೆ, ಆನೆ ತಿಂತವೆ. ಹೆಂಗಸರ ಆಧಾರ್ ಕಾರ್ಡು ಮರೀಬೇಡಿ. ಹಿಂದಿರುಗುವ ಕೊನೇ ಬಸ್ಸು ಎಷ್ಟೊತ್ತಿಗೆ ಅಂತ ಇಳಿದ ಕೂಡಲೇ ಕೇಳಿಕೊಳ್ಳಿ.

ರಜೆಯಿಲ್ಲದ ಕಸುಬು

‘ಹೊಟ್ಟೆಗೆ ಹಿಟ್ಟಿಲ್ಲದಾಗ ತಿರುಗಾಟ ಯಾತಕ್ಕೆ?’ ಅನ್ನೋರಿದ್ದಾರೆ. ಸಾಲ ಮಾಡಿ ಹೋಗಿ ಅಂತ ನಾನು ಹೇಳ್ತಿಲ್ಲ. ಗೊಬ್ಬರದ ದುಡ್ಡು ಮುಟ್ಟಿ ಕೆಟ್ಟವನು ನಾನೇ. ಮಳೆ ಕೈಕೊಟ್ಟ ವರ್ಷ ಊರ ಕೆರೆ ಏರಿ ಮೇಲೇ ಬುತ್ತಿ ಬಿಚ್ಚಿ, ಸಾಕು.

ಆದರೆ ಒಂದು ಮಾತು ಯೋಚನೆ ಮಾಡಿ. ನನ್ನ ಮಗ ನಂಜನಗೂಡಿನ ಒಂದು ಕಾರ್ಖಾನೆಗೆ ಹೋಗ್ತಾನೆ. ಹೊಲ ಯಾಕೆ ಬೇಡ ಅಂತ ಕೇಳಿದ್ದಕ್ಕೆ ಅವನು ಬೆಲೆ ಮಾತು, ಮಳೆ ಮಾತು ಎತ್ತಲಿಲ್ಲ. ‘ಅಲ್ಲಿ ವಾರಕ್ಕೊಂದು ರಜೆ ಅದೆ ಕಣಪ್ಪ. ನೀನು ಒಂದ್ ದಿನ ರಜಾ ತಗೊಂಡಿದ್ದು ನಾನು ನೋಡೇ ಇಲ್ಲ’ ಅಂದ. ಮಕ್ಕಳು ಬೇಸಾಯ ಬಿಡೋದಕ್ಕೆ ನಾವು ನೂರು ಕಾರಣ ಹೇಳ್ತೀವಿ. ಅದರಲ್ಲಿ ಇದೊಂದು ನಮ್ಮ ಕೈಯಲ್ಲೇ ಇರೋದು. ಬೆಲೆ ಏರಿಸೋದು ನಮ್ಮ ಕೈಲಿಲ್ಲ, ಮಳೆ ತರಿಸೋದೂ ಇಲ್ಲ. ವರ್ಷಕ್ಕೆ ಮೂರು ದಿನ ಕೊಟ್ಟಿಗೆಯಿಂದ ಬಿಡಿಸಿಕೊಳ್ಳೋದು ಇದೆ.

ಈಗ ನಮ್ಮ ಬೀದಿಯಲ್ಲಿ ಮೂರು ಮನೆ ಹೀಗೆ ಹಾಲು ಕರೆಯುವ ಮುಯ್ಯಿ ಇಟ್ಟುಕೊಂಡಿದ್ದೀವಿ. ಒಂದು ಸಲವೂ ಹಸು ಕೆಟ್ಟಿಲ್ಲ. ಈ ಸಲ ಗೋಪಾಲಸ್ವಾಮಿ ಬೆಟ್ಟಕ್ಕೆ ಅಂತ ನನ್ನ ಹೆಂಡತಿಯೇ ದಿನ ಗೊತ್ತು ಮಾಡಿದ್ದಾಳೆ. ನಿಮ್ಮ ಊರಲ್ಲಿ ಹಸು ಕಟ್ಟಿದವರು ಹೇಗೆ ಹೊರಗೆ ಹೋಗಿಬರ್ತಾರೆ? ಇದಕ್ಕಿಂತ ಸುಲಭದ ದಾರಿ ಕಂಡುಕೊಂಡಿದ್ದರೆ ಪತ್ರಿಕೆಗೆ ಬರೆಯಿರಿ. ನಮಗೂ ಬೇಕು.